ಗಟಾರದ ಠರಾವು, ಹೊಳೆಯ ಹಣೆಬರಹ

ಪಶ್ಚಿಮಘಟ್ಟದ ಹೊಳೆಗಳೆಲ್ಲ ದಟ್ಟ ಕಾಡಿನ ಒಡಲಲ್ಲಿ, ಮನುಷ್ಯರ ಸುಳಿವಿಲ್ಲದ ತಾವಿನಲ್ಲಿ ಹುಟ್ಟುತ್ತವೆಂಬುದು ಸಾಮಾನ್ಯ ನಂಬಿಕೆ. ಅಘನಾಶಿನಿಯ ಮಟ್ಟಿಗೆ ಈ ನಂಬಿಕೆ ಅರ್ಧ ಮಾತ್ರ ನಿಜ. ಈ ನದಿಗೆ ಎರಡು ಮೂಲಗಳು. ಒಂದು, ಮಂಜುಗುಣಿಯ ಕಡೆಯಿಂದ ಬರುವ ಬಕೂರು ಹೊಳೆ. ಇನ್ನೊಂದು, ಶಿರಸಿ ನಗರದೊಳಗಿನ ಶಂಕರಹೊಂಡದಿಂದ ಹೊರಡುವ ದೋಣಿಹಳ್ಳ. ಇವೆರಡೂ ನಗರದ ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರ್ ದೂರದ ಮುತ್ತಳ್ಳಿಯ ಬಳಿ ಕೂಡುತ್ತವೆ. ಮುಂದೆ ಅಡಿಕೆ ತೋಟಗಳನ್ನೂ ಭತ್ತದ ಗದ್ದೆಗಳನ್ನೂ ಹಾದು, ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕಿ, ಕುಮಟಾ ತಾಲ್ಲೂಕಿನ ಅಳಿವೆಯಲ್ಲಿ ಅಘನಾಶಿನಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿಯುತ್ತಿರುವ ಕೆಲವೇ ನದಿಗಳಲ್ಲಿ ಇದೂ ಒಂದು. 2024ರ ಜನವರಿಯಲ್ಲಿ ಇದರ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ ಪಡೆಯಿತು.

ಅಳಿವೆಗೆ ಅಂತರರಾಷ್ಟ್ರೀಯ ಮನ್ನಣೆ; ಆದರೆ ಮೂಲಕ್ಕೆ? ಎರಡು ಮೂಲಗಳಲ್ಲಿ ಒಂದು ನಗರದ ಮಿತಿಯೊಳಗೆ ಇರುವುದರಿಂದ ಅದರ ಮೊದಲ ಪಾಲಕರು 31 ವಾರ್ಡುಗಳ ಒಂದು ನಗರಸಭೆ. ಬೀದಿದೀಪ, ಕಸದ ಗಾಡಿ, ಮಳಿಗೆ ಹರಾಜು, ಬೀದಿನಾಯಿ, ಗಟಾರ ಇವುಗಳ ನಡುವೆ ದಿನ ದೂಡುವ ಸಂಸ್ಥೆಯೇ ಒಂದು ನದಿಯ ಹುಟ್ಟನ್ನೂ ಕಾಯಬೇಕಾಗಿದೆ. ಶಿರಸಿಯೊಂದರ ಕಥೆಯಲ್ಲ ಇದು. ಮಡಿಕೇರಿ, ಸಾಗರ, ಚಿಕ್ಕಮಗಳೂರು ಹೀಗೆ ಮಲೆನಾಡಿನ ಯಾವ ಊರನ್ನು ತೆಗೆದುಕೊಂಡರೂ ಅದು ಒಂದಲ್ಲ ಒಂದು ಹಳ್ಳದ ನೆತ್ತಿಯ ಮೇಲೆಯೋ ಮಗ್ಗುಲಲ್ಲಿಯೋ ಕುಳಿತಿದೆ. ಘಟ್ಟದ ಊರಿನ ಗಟಾರವೆಂದರೆ ಬೇರೇನೂ ಅಲ್ಲ, ಹೊಳೆಯ ಮೊದಲ ಕವಲು.

ಈ ಸೀಮೆಯ ಪರಿಸರ ಚಳವಳಿಗೆ ಹೆಮ್ಮೆಪಡಬಹುದಾದ ಚರಿತ್ರೆಯಿದೆ. ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ-ನಷ್ಟದ ಲೆಕ್ಕವನ್ನು 1980ರ ದಶಕದ ಆರಂಭದಲ್ಲಿ ಅಡಿಕೆ ಬೆಳೆಗಾರರೇ ಮರುಪರಿಶೀಲನೆಗೆ ಒಡ್ಡಿದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಬಳಿಯ ಕಾಡಿನಲ್ಲಿ ಹಳ್ಳಿಯ ಜನ ಮರಗಳನ್ನು ಅಪ್ಪಿ ನಿಂತಾಗ ಅಪ್ಪಿಕೊ ಚಳವಳಿ ಹುಟ್ಟಿತು. ತದಡಿಯಲ್ಲಿ ಬರಬೇಕಾಗಿದ್ದ ಬೃಹತ್ ಉಷ್ಣ ವಿದ್ಯುತ್ ಸ್ಥಾವರವನ್ನು ಜನರು ವಿರೋಧಿಸಿ ನಿಲ್ಲಿಸಿದರು. ಈ ಹೋರಾಟಗಳಿಗೆಲ್ಲ ಬೆನ್ನೆಲುಬಾದದ್ದು ಒಂದೇ ಅಭ್ಯಾಸ: ಸರ್ಕಾರದ ಕಾಗದವನ್ನು ಸಾಲು ಬಿಡದೆ ಓದುವುದು. ಸಾವಿರ ಪುಟಗಳ ಯೋಜನಾ ವರದಿಯಲ್ಲಿ ಮುಳುಗಡೆಯ ಎಕರೆ ಎಷ್ಟು, ಪರಿಹಾರದ ಮೊತ್ತ ಎಷ್ಟು, ಮರೆಮಾಚಿದ ವೆಚ್ಚ ಯಾವುದು ಎಂಬುದನ್ನು ಹುಡುಕಿ ತೆಗೆಯುವ ಜಾಣ್ಮೆ ಮಲೆನಾಡಿನ ಸಾಮಾನ್ಯ ಕೃಷಿಕನಿಗೂ ಸಿದ್ಧಿಸಿತ್ತು.

ಆದರೆ ದೆಹಲಿಯಿಂದಲೂ ಬೆಂಗಳೂರಿನಿಂದಲೂ ಬಂದ ವರದಿಗಳನ್ನು ಹೀಗೆ ಓದಿದ ಚಳವಳಿಯೇ, ಮನೆಯಿಂದ ಎರಡು ಮೈಲಿ ದೂರದ ನಗರಸಭೆಯ ಒಂದು ವರ್ಷದ ನಡಾವಳಿಗಳನ್ನು ಓದಿದ ಉದಾಹರಣೆ ವಿರಳ. ಅಣೆಕಟ್ಟು ನದಿಯನ್ನು ಒಂದೇ ಏಟಿಗೆ ಕೊಲ್ಲುತ್ತದೆ. ಆದ್ದರಿಂದಲೇ ಅದು ಕಣ್ಣಿಗೆ ಬೀಳುತ್ತದೆ, ಜನರನ್ನು ಬೀದಿಗೆ ತರುತ್ತದೆ. ಠರಾವಿನಿಂದ ಠರಾವಿಗೆ, ಇಪ್ಪತ್ತು ಮೀಟರ್ ಕಾಂಕ್ರೀಟಿನಿಂದ ಇನ್ನಿಪ್ಪತ್ತು ಮೀಟರ್ ಕಾಂಕ್ರೀಟಿಗೆ ಸಾಯುವ ಹಳ್ಳ ಯಾರನ್ನೂ ಬೀದಿಗೆ ತರುವುದಿಲ್ಲ.

ನಗರಸಭೆಯ ಸಾಮಾನ್ಯ ಸಭೆ ಹೇಗೆ ನಡೆಯುತ್ತದೆಂಬುದನ್ನು ಒಮ್ಮೆ ಗಮನಿಸುವುದು ಒಳಿತು. ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ ಪ್ರಕಾರ ಸಭೆ ತಿಂಗಳಿಗೊಮ್ಮೆ ಸೇರಬೇಕು. ಸದಸ್ಯರಿಗೆ ಮುಂಚಿತವಾಗಿ ಕಾರ್ಯಸೂಚಿ ಹೋಗುತ್ತದೆ. ಮೊದಲ ವಿಷಯ ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು. ಎರಡನೆಯದು ಜಮಾ-ಖರ್ಚಿನ ಅನುಮೋದನೆ. ಆಮೇಲೆ ಕಾಮಗಾರಿಗಳ ಪಟ್ಟಿ: ಇಂಥ ವಾರ್ಡಿನಲ್ಲಿ ಇಂಥವರ ಮನೆಯಿಂದ ಇಂಥವರ ಮನೆಯವರೆಗೆ ಗಟಾರ ನಿರ್ಮಾಣ, ಅಲ್ಲಿಂದ ಮುಂದೆ ತಡೆಗೋಡೆ, ಇನ್ನೊಂದೆಡೆ ಹಳ್ಳಕ್ಕೆ ಅಡ್ಡಲಾಗಿ ಸ್ಲ್ಯಾಬ್. ಮಳಿಗೆಗಳ ಬಾಡಿಗೆ, ನೀರಿನ ಕರದ ಬಾಕಿ, ಪಂಪಿನ ದುರಸ್ತಿ, ಬಡಾವಣೆಯ ವಿನ್ಯಾಸ, ಖಾತೆ ಬದಲಾವಣೆಯ ತಕರಾರು. ಕೊನೆಯಲ್ಲಿ ಪ್ರತಿ ಕಾರ್ಯಸೂಚಿಯಲ್ಲೂ ತಪ್ಪದೆ ಕಾಣುವ ಒಂದು ಸಾಲು: 'ಅಧ್ಯಕ್ಷರ ಅನುಮತಿಯ ಮೇರೆಗೆ ಬರುವ ಇತರ ವಿಷಯಗಳು.' ಸಭೆಯ ರಾಜಕೀಯವನ್ನು ಬಲ್ಲವರು ಈ ಕೊನೆಯ ಸಾಲನ್ನು ಮೊದಲು ನೋಡುತ್ತಾರೆ. ಮುಂಚಿತವಾಗಿ ಬರೆದು ತಿಳಿಸಲಾರದ ವಿಷಯಗಳಿಗೆ ಆ ಸಾಲಿನೊಳಗೆ ಜಾಗ ಸಿಗುತ್ತದೆ. ಮಾಡಿ ಮುಗಿಸಿದ ಕೆಲಸಕ್ಕೆ ಆಮೇಲೆ ಒಪ್ಪಿಗೆ ಕೇಳುವ 'ಘಟನೋತ್ತರ ಮಂಜೂರಾತಿ' ಎಂಬ ಪದವೂ ನಡಾವಳಿಗಳಲ್ಲಿ ಅಪರೂಪವಲ್ಲ.

ಇಂಥ ಪಟ್ಟಿಯಲ್ಲಿ 'ನದಿ' ಎಂಬ ಶಬ್ದ ಎಲ್ಲಿಯೂ ಕಾಣುವುದಿಲ್ಲ. 'ಪರಿಸರ' ಎಂಬುದು ಜೂನ್ 5ರ ಆಸುಪಾಸಿನಲ್ಲಿ ಗಿಡ ನೆಡುವ ಖರ್ಚಿನ ಬಾಬತ್ತಾಗಿ ಕಾಣಬಹುದು. ಆದರೆ ಸೂಕ್ಷ್ಮವಾಗಿ ನೋಡಿದರೆ ಪಟ್ಟಿಯ ಅರ್ಧಕ್ಕರ್ಧ ವಿಷಯ ನೀರಿನದೇ. ಗಟಾರವೆಂದರೆ ಮಳೆನೀರು ಎಷ್ಟು ಬೇಗ, ಏನನ್ನು ಹೊತ್ತು ಕೆಳಗೆ ಹೋಗಬೇಕೆಂಬ ತೀರ್ಮಾನ. ತಡೆಗೋಡೆಯೆಂದರೆ ಗುಡ್ಡದ ಒರತೆ ಎಲ್ಲಿ ಹೊರಬೀಳಬೇಕೆಂಬ ತೀರ್ಮಾನ. ಬಡಾವಣೆಯ ನಕ್ಷೆಗೆ ಒಪ್ಪಿಗೆಯೆಂದರೆ ಯಾವ ಇಳಿಜಾರು ನೀರನ್ನು ಕುಡಿಯಬೇಕು, ಯಾವುದು ಉಗುಳಬೇಕೆಂಬ ತೀರ್ಮಾನ. ಈ ತೀರ್ಮಾನಗಳನ್ನು ಮಾಡುವಾಗ, ತಾವು ಜಲಾನಯನವೊಂದರ ಹಣೆಬರಹವನ್ನು ಬರೆಯುತ್ತಿದ್ದೇವೆಂಬ ಅರಿವು ಸದಸ್ಯರಿಗೂ ಇರುವುದಿಲ್ಲ, ಎಂಜಿನಿಯರಿಗೂ ಇರುವುದಿಲ್ಲ. ಅದನ್ನು ನೆನಪಿಸಬೇಕಾದವರು ಸಭಾಂಗಣದ ಸುತ್ತಮುತ್ತ ಎಲ್ಲಿಯೂ ಇಲ್ಲ.

ಕಾಂಕ್ರೀಟ್ ಗಟಾರದ ಉದಾಹರಣೆಯನ್ನೇ ನೋಡಬಹುದು. ಬಯಲುಸೀಮೆಯಲ್ಲಿ ಗಟಾರದ ಸಮಸ್ಯೆ ನೀರು ನಿಲ್ಲುವುದು. ಮಲೆನಾಡಿನಲ್ಲಿ ನೀರು ಓಡುವುದು. ಶಿರಸಿಯ ಸುತ್ತ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಕಲ್ಲು-ಮಣ್ಣಿನ ಹಳ್ಳದ ಪಾತ್ರ ಈ ನೀರನ್ನು ಅಲ್ಲಲ್ಲಿ ತಡೆದು, ಒಂದಿಷ್ಟನ್ನು ಜಂಬಿಟ್ಟಿಗೆಯ ನೆಲಕ್ಕೆ ಇಂಗಿಸಿ, ಉಳಿದುದನ್ನು ಕೆಳಗೆ ಬಿಡುತ್ತದೆ. ತಳಕ್ಕೂ ಮಗ್ಗುಲಿಗೂ ಕಾಂಕ್ರೀಟ್ ಬಿದ್ದರೆ ಇಂಗುವುದು ನಿಲ್ಲುತ್ತದೆ, ವೇಗ ಹೆಚ್ಚುತ್ತದೆ. ಮೇಲಿನ ಮಣ್ಣು, ಕಟ್ಟಡದ ಮರಳು, ಪ್ಲಾಸ್ಟಿಕ್ ಎಲ್ಲವನ್ನೂ ಹೊತ್ತ ನೀರು ಊರಿನ ಕೊನೆಯಲ್ಲಿ ಗಟಾರ ಮುಗಿಯುವ ಕಡೆ ಒಮ್ಮೆಲೇ ಉಗುಳುತ್ತದೆ. ನಗರಸಭೆಯ ನಕ್ಷೆ ಅಲ್ಲಿಗೆ ಮುಗಿಯುತ್ತದೆ. ನೀರಿನ ಪಯಣ ಮುಗಿಯುವುದಿಲ್ಲ.

ಅಲ್ಲಿಂದ ಕೆಳಗೆ ಯಾರೋ ಒಬ್ಬನ ಅಡಿಕೆ ತೋಟವಿರುತ್ತದೆ. ಘಟ್ಟದ ಮೇಲಿನ ಅಡಿಕೆ ತೋಟಗಳು ಕಣಿವೆಯ ತಳದಲ್ಲಿ ಇರುವಂಥವು. ಬಸಿಗಾಲುವೆಯೇ ಅವುಗಳ ಜೀವನಾಡಿ. ಬೇರಿನ ಮಟ್ಟಕ್ಕಿಂತ ಆಳದಲ್ಲಿ ಕಾಲುವೆ ತೆರೆದಿದ್ದು, ಮಳೆಗಾಲದ ನೀರು ಅದರಲ್ಲಿ ಬಸಿದು ಹೋದರೆ ಮಾತ್ರ ಮರಕ್ಕೆ ಉಸಿರು. ಆ ಕಾಲುವೆಯಲ್ಲಿ ಊರಿನ ಹೂಳು ಬಂದು ತುಂಬಿದರೆ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ, ಇಳುವರಿ ಕುಸಿಯುತ್ತದೆ. ರೈತ ಪ್ರತಿ ವರ್ಷ ಆಳು ಹಿಡಿದು ಹೂಳು ತೆಗೆಸುತ್ತಾನೆ. ಅದರೊಳಗೆ ಚೀಲ, ಬಾಟಲಿ, ಒಡೆದ ಗಾಜು. ಆತ ನಗರಸಭೆಯ ಮತದಾರನಲ್ಲ. ಅವನ ತೋಟವಿರುವುದು ಪಕ್ಕದ ಗ್ರಾಮ ಪಂಚಾಯತಿಯಲ್ಲಿ. ಗಟಾರ ಮಾಡಿಸಿದ ಸದಸ್ಯನಿಗೆ ಅವನ ದೂರನ್ನು ಕೇಳುವ ಅಗತ್ಯವಿಲ್ಲ. ಕೇಳುವ ಪಂಚಾಯತಿಗೆ ಗಟಾರದ ಮೇಲೆ ಅಧಿಕಾರವಿಲ್ಲ. ಅವನಿಂದಲೂ ಕೆಳಗೆ, ಘಟ್ಟದ ಬುಡದ ಅಳಿವೆಯಲ್ಲಿ, ಬಳಚು ಹೆಕ್ಕಿ ಬದುಕುವ ಹೆಂಗಸರಿದ್ದಾರೆ. ಬಳಚು ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿ ಏನಿದೆಯೋ ಅದು ಅದರ ಮಾಂಸದಲ್ಲಿಯೂ ಸೇರುತ್ತದೆ. ಆ ಹೆಂಗಸರಿಗೂ ಬೆಟ್ಟದ ಮೇಲಿನ ನಗರಸಭೆಗೂ ನಡುವೆ ಯಾವ ಕಚೇರಿಯ ಸಂಬಂಧವೂ ಇಲ್ಲ, ನೀರಿನ ಸಂಬಂಧ ಮಾತ್ರ ಇದೆ.

ಇನ್ನು ಕಸದ ವಿಷಯ. ಘನತ್ಯಾಜ್ಯದ ನಿರ್ವಹಣೆಗೆಂದು ದೇಶದ ಮೊದಲ ನಿಯಮಗಳು ಬಂದದ್ದು 2000ದಲ್ಲಿ; 2016ರಲ್ಲಿ ಅವುಗಳ ಸ್ಥಾನಕ್ಕೆ ವಿಸ್ತಾರವಾದ ಹೊಸ ನಿಯಮಗಳು ಬಂದವು. ಮನೆಯಲ್ಲಿಯೇ ಹಸಿ ಕಸ, ಒಣ ಕಸ ಬೇರೆಯಾಗಬೇಕೆಂಬುದು ಅವುಗಳ ತಿರುಳು. ಮಲೆನಾಡಿಗೆ ಈ ಬೇರ್ಪಡಿಕೆ ಬರಿಯ ಸ್ವಚ್ಛತೆಯ ಪ್ರಶ್ನೆಯಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಬಯಲಿನಲ್ಲಿ ಬೆರಕೆ ಕಸವನ್ನು ಹರಡಿ ಬಿಟ್ಟರೆ, ಒಂದು ವರ್ಷದ 2500 ಮಿಲಿಮೀಟರ್ ಮಳೆಯಲ್ಲಿ ಅದರ ಮೇಲೆ ಬೀಳುವುದು ಸುಮಾರು ಒಂದು ಕೋಟಿ ಲೀಟರ್ ನೀರು. ಅದರಲ್ಲಿ ದೊಡ್ಡ ಪಾಲು ಕಸವನ್ನು ತೊಳೆದು ಕಪ್ಪು ರಸವಾಗಿ ಇಳಿಜಾರಿಗೆ ಇಳಿಯುತ್ತದೆ. ಬಯಲುಸೀಮೆಯ ಒಣ ಊರಿಗೆಂದು ಬರೆದ ಮಾದರಿ ಅಂದಾಜುಪಟ್ಟಿಯನ್ನು ಮಲೆನಾಡಿನ ಘಟಕಕ್ಕೂ ಹಾಗೆಯೇ ಅನ್ವಯಿಸಿದರೆ ಆಗುವ ಫಲ ಇದೇ.

ಗೊಬ್ಬರದ ವಿಜ್ಞಾನ ಸರಳವಾದುದು. ರಾಶಿಯಲ್ಲಿ ತೇವಾಂಶ ಶೇಕಡಾ 50ರಿಂದ 60 ಇರಬೇಕು, ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 25-30ಕ್ಕೆ 1 ಇರಬೇಕು, ಗಾಳಿಯಾಡಬೇಕು. ಅಡಿಗೆಮನೆಯ ಹಸಿ ಕಸದಲ್ಲಿ ನೀರು ಮತ್ತು ಸಾರಜನಕ ಹೆಚ್ಚು, ಇಂಗಾಲ ಕಡಿಮೆ. ಮಳೆಗೆ ತೆರೆದಿಟ್ಟರೆ ರಾಶಿ ಉಸಿರುಗಟ್ಟಿ ನಾರುತ್ತದೆ, ಸಾರ ತೊಳೆದುಹೋಗುತ್ತದೆ. ಆದ್ದರಿಂದ ಮಲೆನಾಡಿನ ಗೊಬ್ಬರ ಘಟಕಕ್ಕೆ ಮೊದಲು ಬೇಕಾದದ್ದು ಯಂತ್ರವಲ್ಲ, ಗಟ್ಟಿಯಾದ ಮಾಡು. ಎರಡನೆಯದು ಒಣ ಇಂಗಾಲ: ದರಕು, ಭತ್ತದ ಹೊಟ್ಟು, ಅಡಿಕೆಯ ಸಿಪ್ಪೆ. ಇವು ಊರಿನ ಸುತ್ತಲ ಹಳ್ಳಿಗಳಲ್ಲಿ ದೊರೆಯುವಂಥವು. ಅದೇ ಹಳ್ಳಿಗಳ ತೋಟಿಗರು ಸೊಪ್ಪಿನ ಬೆಟ್ಟ ಬರಿದಾಗುತ್ತಿರುವುದರಿಂದ ಗೊಬ್ಬರಕ್ಕೆ ಪರದಾಡುತ್ತಿದ್ದಾರೆ. ಊರಿಗೆ ದರಕು, ತೋಟಕ್ಕೆ ಗೊಬ್ಬರ ಎಂಬ ಕೊಡುಕೊಳ್ಳುವಿಕೆ ನಡೆದರೆ ಹಳ್ಳಕ್ಕೆ ಇಳಿಯುವ ಕಪ್ಪು ರಸವೂ ನಿಲ್ಲುತ್ತದೆ, ಬೆಟ್ಟದ ಮೇಲಿನ ಹೊರೆಯೂ ಇಳಿಯುತ್ತದೆ.

ಆದರೆ ರೈತ ನಗರದ ಗೊಬ್ಬರವನ್ನು ಕಣ್ಣುಮುಚ್ಚಿ ಕೊಳ್ಳಲಾರ, ಕೊಳ್ಳಲೂಬಾರದು. ಬೆರಕೆ ಕಸದಿಂದಾದ ಗೊಬ್ಬರದಲ್ಲಿ ಗಾಜಿನ ಚೂರಿರುತ್ತದೆ, ಬ್ಯಾಟರಿಯ ಲೋಹವಿರುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶವು ನಗರದ ಕಾಂಪೋಸ್ಟಿನಲ್ಲಿ ಒಂದು ಕಿಲೋಗ್ರಾಮಿಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿರುವುದು ಈ ಕಾರಣಕ್ಕೆ. ಒಮ್ಮೆ ತೋಟದ ಮಣ್ಣಿಗೆ ಸೇರಿದ ಲೋಹವನ್ನು ಹೊರತೆಗೆಯುವ ಸುಲಭ ಉಪಾಯವಿಲ್ಲ. ಹಾಗಾಗಿ ಮನೆಯ ಬಾಗಿಲಲ್ಲಿ ಎರಡು ಬುಟ್ಟಿ ಇಡುವ ಗೃಹಿಣಿ, ಅವೆರಡನ್ನು ಗಾಡಿಯಲ್ಲಿ ಮತ್ತೆ ಬೆರೆಸದೆ ಒಯ್ಯುವ ಪೌರಕಾರ್ಮಿಕ, ಇವರಿಬ್ಬರೂ ಹತ್ತು ಮೈಲಿ ಆಚೆಯ ತೋಟದ ಮಣ್ಣನ್ನು ಕಾಯುವವರು. ರಾಜ್ಯದ ಅಳತೆಯಂತೆ 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ. ಅರುವತ್ತು ಸಾವಿರ ಜನರ ಊರಿಗೆ ಸುಮಾರು 85 ಮಂದಿ. ಏರು-ತಗ್ಗಿನ ಬೀದಿ, ಚದುರಿದ ಮನೆ, ನಾಲ್ಕು ತಿಂಗಳ ಜಡಿಮಳೆ ಇವು ಯಾವುವೂ ಆ ಅಳತೆಯಲ್ಲಿ ಸೇರಿಲ್ಲ.

ಇಷ್ಟನ್ನೂ ನಗರಸಭೆಯೇ ಮಾಡಬೇಕೆ ಎಂಬ ಪ್ರಶ್ನೆಗೆ ಸಂವಿಧಾನದಲ್ಲಿಯೇ ಉತ್ತರವಿದೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿತು. ಪೌರಸಂಸ್ಥೆಗಳಿಗೆ ವಹಿಸಬಹುದಾದ 18 ಕಾರ್ಯಗಳ ಆ ಪಟ್ಟಿಯಲ್ಲಿ ಎಂಟನೆಯದು ನಗರ ಅರಣ್ಯ ಮತ್ತು ಪರಿಸರ ರಕ್ಷಣೆ. ನೀರು ಪೂರೈಕೆ, ನೈರ್ಮಲ್ಯ, ಬೀದಿದೀಪ, ಕಸಾಯಿಖಾನೆಗಳ ಸಾಲಿನಲ್ಲಿಯೇ ಪರಿಸರವೂ ಇದೆ. ಜೀವವೈವಿಧ್ಯ ಅಧಿನಿಯಮ, 2002ರ 41ನೇ ಕಲಮು ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕೆನ್ನುತ್ತದೆ. ನಗರಸಭೆಯೂ ಅದರಿಂದ ಹೊರತಲ್ಲ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರಲ್ಲಿ ಗಡುವು ಹಾಕಿ, 2020ರ ಜನವರಿ ಕೊನೆಯೊಳಗೆ ಸಮಿತಿ ಮತ್ತು ಜನತಾ ದಾಖಲೆಗಳು ಸಿದ್ಧವಾಗದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದಿತು. ದಂಡದ ಭಯಕ್ಕೆ ಅವಸರದಲ್ಲಿ ಸಿದ್ಧವಾದ ದಾಖಲೆ ಕಪಾಟಿನಲ್ಲಿ ಉಳಿಯುವುದೇ ಹೆಚ್ಚು. ಆದರೆ ಸಮಿತಿಯೆಂಬುದೊಂದು ಕಾನೂನಿನ ಬಾಗಿಲು. ಊರಿನ ಹೊಂಡ, ಹಳ್ಳ, ಒರತೆಗಳನ್ನು ಗುರುತಿಸಿ ದಾಖಲಿಸಲು, ಅವುಗಳ ಮೇಲೆ ಸ್ಲ್ಯಾಬ್ ಬೀಳುವ ಮುನ್ನ ಆಕ್ಷೇಪವನ್ನು ಬರೆದಿಡಲು ಅಲ್ಲಿ ಅವಕಾಶವಿದೆ.

ಹಣವೇ ಇಲ್ಲವೆಂಬ ಮಾತು ಪ್ರತಿ ಸಭೆಯಲ್ಲಿ ಕೇಳುತ್ತದೆ. ಅದು ಪೂರ್ತಿ ಸುಳ್ಳಲ್ಲ. ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ನೀರಿನ ಕರ ಇವುಗಳಿಂದ ಸಣ್ಣ ಊರಿನ ನಗರಸಭೆಗೆ ಬರುವ ಆದಾಯ ಕಡಿಮೆಯೇ. ಪೂರ್ತಿ ನಿಜವೂ ಅಲ್ಲ. ಹದಿನೈದನೆಯ ಹಣಕಾಸು ಆಯೋಗವು 2021-26ರ ಅವಧಿಗೆ ಸಣ್ಣ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರು ಹಾಗೂ ನೈರ್ಮಲ್ಯ-ಕಸ ನಿರ್ವಹಣೆಗೇ ಮೀಸಲಿಟ್ಟಿತ್ತು. ಆ ಐದು ವರ್ಷಗಳಲ್ಲಿ ಪ್ರತಿ ಊರಿನಲ್ಲಿ ಇದರಿಂದ ಎಷ್ಟು ಮಾಡು ಏರಿತು, ಎಷ್ಟು ಒರತೆ ಉಳಿಯಿತು, ಎಷ್ಟು ಹಣ ಗಟಾರದ ಕಾಂಕ್ರೀಟಾಯಿತು ಎಂಬುದು ಆಯಾ ನಗರಸಭೆಯ ಜಮಾ-ಖರ್ಚಿನಲ್ಲಿ ಬರೆದಿದೆ. ಓದುವವರು ಬೇಕು.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಗಟಾರಕ್ಕಾಗಿ ಹಟ ಹಿಡಿಯುವ ವಾರ್ಡಿನ ಸದಸ್ಯ ಪರಿಸರದ ವೈರಿಯಲ್ಲ. ಬೆಳಗಾದರೆ ಅವರ ಬಾಗಿಲಿಗೆ ಬರುವವರು ಮನೆಯೆದುರು ಕೊಳಚೆ ನಿಂತಿದೆಯೆಂದು ದೂರುವ ಮತದಾರರೇ ಹೊರತು ಹೊಳೆಯ ಚಿಂತೆ ಮಾಡುವವರಲ್ಲ. ಸದಸ್ಯೆಯೊಬ್ಬರು 'ಕಾಂಕ್ರೀಟ್ ಬೇಡ, ಕಲ್ಲು ಕಟ್ಟಿ ತಳ ಮಣ್ಣಿನದೇ ಇರಲಿ' ಎಂದು ಸಭೆಯಲ್ಲಿ ಹೇಳಬೇಕಾದರೆ ಅವರ ಬೆನ್ನಿಗೆ ಹತ್ತು ಮನೆಯವರಾದರೂ ಇರಬೇಕು, ಕೈಯಲ್ಲಿ ಪರ್ಯಾಯದ ಅಂದಾಜು ಇರಬೇಕು. ಅದನ್ನು ಒದಗಿಸದೆ ಸದಸ್ಯರನ್ನು ಹಳಿಯುವುದು ಸುಲಭ. ಅದರಿಂದ ಹಳ್ಳಕ್ಕೆ ಲಾಭವಿಲ್ಲ.

ಸದಸ್ಯರಿಗಿಂತ ಹೆಚ್ಚು ಚಿಂತಿಸಬೇಕಾದದ್ದು ಸದಸ್ಯರೇ ಇಲ್ಲದ ಸಭೆಯ ಬಗ್ಗೆ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪೌರಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಸೆಪ್ಟೆಂಬರ್ 3ರಂದು ಫಲಿತಾಂಶ ಬಂತು. ಆದರೆ ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ, ಗೆದ್ದವರು ಸಭೆಯಲ್ಲಿ ಕೂರಲು 2020ರ ಕೊನೆಯ ತಿಂಗಳುಗಳವರೆಗೆ ಕಾಯಬೇಕಾಯಿತು. ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ಮತ ಹಾಕಿದ ದಿನದಿಂದ ಎಣಿಸಿದರೆ ಮೊದಲ ಆರು ವರ್ಷಗಳಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇಂಥ ಊರುಗಳನ್ನು ಆಳಿದವರು ಆಡಳಿತಾಧಿಕಾರಿಗಳು. ಆಡಳಿತಾಧಿಕಾರಿ ಪ್ರಾಮಾಣಿಕರಿರಬಹುದು, ದಕ್ಷರೂ ಇರಬಹುದು. ಆದರೆ ಅವರ ಅವಧಿಯಲ್ಲಿ ಕಾರ್ಯಸೂಚಿಯೂ ಠರಾವೂ ಒಂದೇ ಮೇಜಿನ ಮೇಲಿನ ಒಂದೇ ಕಡತ. ವಾದವಿಲ್ಲ, ವಿರೋಧವಿಲ್ಲ, ಮರುದಿನದ ಪತ್ರಿಕೆಯಲ್ಲಿ ಸಭೆಯ ಗದ್ದಲದ ಸುದ್ದಿಯೂ ಇಲ್ಲ. ಅಣೆಕಟ್ಟಿನ ವಿರುದ್ಧ ಸಾವಿರ ಜನ ಸೇರಿಸಬಲ್ಲ ಸಂಘಟನೆಗಳು, ಊರಿಗೆ ಚುನಾಯಿತ ಸಭೆ ಇಲ್ಲವೆಂಬ ಸಂಗತಿಯನ್ನು ತಮ್ಮ ವಿಷಯವೆಂದು ಭಾವಿಸಲೇ ಇಲ್ಲ.

ಹಳ್ಳಿಯವರಿಗೆ ಕಾನೂನು ಗ್ರಾಮಸಭೆಯನ್ನು ಕೊಟ್ಟಿದೆ. ಅದು ಎಷ್ಟೇ ನಿಸ್ಸಾರವಾಗಿ ನಡೆದರೂ ಎದ್ದು ನಿಂತು ಕೇಳುವ ಹಕ್ಕು ಅಲ್ಲಿದೆ. ನಗರದವರಿಗಾದರೋ, ಸಂವಿಧಾನವು ವಾರ್ಡು ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಶಿರಸಿ, ಸಾಗರ, ಮಡಿಕೇರಿಗಳು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಘಟ್ಟದ ಸಣ್ಣ ಊರಿನ ನಾಗರಿಕ ಹೀಗೆ ನಡುವೆ ಸಿಕ್ಕಿಕೊಂಡವನು: ಗ್ರಾಮಸಭೆಗೆ ಊರು ದೊಡ್ಡದಾಯಿತು, ವಾರ್ಡು ಸಮಿತಿಗೆ ಸಣ್ಣದಾಯಿತು. ಅವನಿಗೆ ಉಳಿದಿರುವುದು ಐದು ವರ್ಷಕ್ಕೊಂದು ಮತ, ಮತ್ತು ಕಾಗದ ಕೇಳುವ ಹಕ್ಕು.

ಆ ಎರಡನೆಯ ಹಕ್ಕು ಸಣ್ಣದಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ನಾಲ್ಕನೆಯ ಕಲಮಿನಂತೆ ತನ್ನ ಮಂಡಳಿ-ಸಮಿತಿಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ನಡಾವಳಿಗಳು ದೊರೆಯುತ್ತವೆಯೇ ಎಂಬುದನ್ನು ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಒಂದು ಊರಿನ ನಾಲ್ಕು ಜನ ಸೇರಿ ಕಾರ್ಯಸೂಚಿಯನ್ನೂ ನಡಾವಳಿಯನ್ನೂ ಪ್ರತಿ ತಿಂಗಳು ಪಡೆದು, ನೀರಿಗೆ ಸಂಬಂಧಿಸಿದ ವಿಷಯಗಳ ಮುಂದೆ ಗುರುತು ಹಾಕಿ, ಆಯಾ ವಾರ್ಡಿನಲ್ಲಿ ನಡೆದಾಡಿ ನೋಡಿ ಬರುವುದಕ್ಕೆ ವಿಶೇಷ ಪಾಂಡಿತ್ಯವೇನೂ ಬೇಡ. ವರ್ಷದ ಕೊನೆಗೆ ಅವರ ಕೈಯಲ್ಲಿ ಊರಿನ ಹಳ್ಳಗಳ ನಕ್ಷೆಯೊಂದು ತಾನಾಗಿಯೇ ಸಿದ್ಧವಾಗುತ್ತದೆ: ಯಾವುದು ತೆರೆದಿದೆ, ಯಾವುದು ಮುಚ್ಚಿದೆ, ಯಾವುದರ ಅಂಚು ಯಾರ ಬೇಲಿಯೊಳಗೆ ಸೇರಿದೆ. ಆಯವ್ಯಯಕ್ಕೆ ಮುನ್ನ ನಗರಸಭೆಗಳು ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ಕರೆಯುವ ರೂಢಿಯಿದೆ. ಬರಿಯ ಭಾಷಣದ ಬದಲು ಆ ನಕ್ಷೆಯನ್ನೂ ಎರಡು ಪುಟದ ಅಂದಾಜನ್ನೂ ಒಯ್ದವರ ಮಾತಿಗೆ ಅಲ್ಲಿ ತೂಕ ಬರುತ್ತದೆ.

ಊರಿನ ಗಡಿಯ ಆಚೆಗಿನ ತೋಟಿಗನ ದೂರಿಗೂ ಸಂವಿಧಾನದಲ್ಲಿ ಒಂದು ತಾಣವಿದೆ. 243-ಝಡ್‌ಡಿ ವಿಧಿಯಂತೆ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು. ಪಂಚಾಯತಿಗಳಿಗೂ ಪೌರಸಭೆಗಳಿಗೂ ಸಮಾನವಾದ ಹಿತಾಸಕ್ತಿಯ ವಿಷಯಗಳನ್ನು, ಅಂದರೆ ನೀರು ಮತ್ತಿತರ ನೈಸರ್ಗಿಕ ಸಂಪತ್ತಿನ ಹಂಚಿಕೆ ಹಾಗೂ ಪರಿಸರ ಸಂರಕ್ಷಣೆಯನ್ನು, ಅದು ಲಕ್ಷ್ಯದಲ್ಲಿ ಇಟ್ಟುಕೊಳ್ಳಬೇಕು. ಅದರ ಐದರಲ್ಲಿ ನಾಲ್ಕು ಭಾಗದಷ್ಟು ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ಪೌರಸಭೆಗಳ ಚುನಾಯಿತರು. ದೋಣಿಹಳ್ಳವನ್ನು ಶಂಕರಹೊಂಡದಿಂದ ಮುತ್ತಳ್ಳಿಯವರೆಗೆ, ಅಘನಾಶಿನಿಯನ್ನು ಅಲ್ಲಿಂದ ಅಳಿವೆಯವರೆಗೆ ಒಂದೇ ವಿಷಯವಾಗಿ ಚರ್ಚಿಸಲು ಇದಕ್ಕಿಂತ ಸೂಕ್ತ ವೇದಿಕೆಯನ್ನು ಹೊಸದಾಗಿ ಕಟ್ಟಬೇಕಿಲ್ಲ. ಇರುವುದನ್ನು ಎಚ್ಚರಿಸಬೇಕು. ಒಂದು ಗ್ರಾಮ ಪಂಚಾಯತಿಯ ಠರಾವು, ಒಂದು ನಗರಸಭೆಯ ಠರಾವು ಎರಡೂ ಒಂದೇ ಹಳ್ಳದ ಹೆಸರು ಹೇಳಿ ಆ ಸಮಿತಿಯ ಮುಂದೆ ಬಂದರೆ, ಅದನ್ನು ಬದಿಗೆ ಸರಿಸುವುದು ಸುಲಭವಲ್ಲ.

ರಾಜಕೀಯದ ಕೆಸರಿಗೆ ಇಳಿದರೆ ಚಳವಳಿಯ ಮೈಗೂ ಕೆಸರು ಮೆತ್ತುತ್ತದೆಂಬ ಅಳುಕು ಹಲವರಲ್ಲಿದೆ. ನಗರಸಭೆಯೆಂದರೆ ಪಕ್ಷ, ಗುತ್ತಿಗೆ, ಕಮಿಷನ್ನು ಎಂಬ ಬೇಸರ ಅಕಾರಣವಲ್ಲ. ಆದರೆ ದೂರ ನಿಂತದ್ದರಿಂದ ಸಭೆ ಶುದ್ಧವಾಗಲಿಲ್ಲ. ಕಾರ್ಯಸೂಚಿಯನ್ನು ಗಮನವಿಟ್ಟು ಓದುವವರು ಗುತ್ತಿಗೆದಾರರು ಮಾತ್ರ ಎಂಬ ಸ್ಥಿತಿ ಉಂಟಾಯಿತು. ಕಾಡಿನ ವಿಷಯದಲ್ಲಿ ಇದೇ ತಪ್ಪು ಆಗಲಿಲ್ಲ. ಯಾವ ಕೂಪಿನಲ್ಲಿ ಎಷ್ಟು ಮರಕ್ಕೆ ಗುರುತು ಬಿದ್ದಿದೆಯೆಂದು 1983ರಲ್ಲಿ ಹಳ್ಳಿಯವರಿಗೆ ಗೊತ್ತಿತ್ತು. ಆದ್ದರಿಂದಲೇ ಕೊಡಲಿ ಬರುವ ಹೊತ್ತಿಗೆ ಅವರು ಮರದ ಬಳಿ ಇದ್ದರು.

ಶಿರಸಿ ತಾಲ್ಲೂಕಿನ ನೀರು ಮೂರು ದಿಕ್ಕಿಗೆ ಹರಿಯುತ್ತದೆ: ಅಘನಾಶಿನಿಗೆ, ಬೇಡ್ತಿಗೆ, ವರದೆಗೆ. ನಗರ ತಾನು ಕುಡಿಯುವ ನೀರನ್ನು ಕೆಂಗ್ರೆ ಮತ್ತು ಮಾರಿಗದ್ದೆಗಳಿಂದ, ಅಂದರೆ ಅಘನಾಶಿನಿಯ ಕಣಿವೆಯಿಂದಲೇ, ಪಂಪಿನಿಂದ ಮೇಲೆತ್ತಿ ತರುತ್ತದೆ. ನದಿಯ ಹುಟ್ಟು ಊರೊಳಗೆ, ಊರಿನ ದಾಹಕ್ಕೆ ಉತ್ತರ ಅದೇ ನದಿಯ ಕಣಿವೆಯಲ್ಲಿ. ಹುಟ್ಟಿಸಿದ್ದನ್ನು ಕೆಡಿಸಿ, ಕೆಳಗಿನಿಂದ ವಿದ್ಯುತ್ತಿನ ಖರ್ಚಿನಲ್ಲಿ ನೀರು ಹೊತ್ತು ತರುವ ಲೆಕ್ಕ ಯಾವ ಆಯವ್ಯಯದಲ್ಲಿಯೂ ಕೂಡಿಬರುವುದಿಲ್ಲ. ಮುಂದಿನ ತಿಂಗಳ ಕಾರ್ಯಸೂಚಿಯಲ್ಲಿ ಯಾವುದೋ ವಾರ್ಡಿನ ಯಾವುದೋ ಗಟಾರ ಮತ್ತೆ ಬರುತ್ತದೆ. ಅದು ಎಲ್ಲಿಂದ ಹೊರಟು ಯಾರ ತೋಟದಲ್ಲಿ ಮುಗಿಯುತ್ತದೆಂದು ಕೇಳುವವರೊಬ್ಬರು ಅಂದು ನಗರಸಭೆಯ ಬಾಗಿಲಲ್ಲಿ ಇರಬೇಕು.